ದೆವ್ವವನ್ನು ಕೊಂದ ಎಡಗೈ

ಬೀರವ್ವ ಎಡಗೈಯವಳು. ಯರಗಟ್ಟಿಯ ತವರಿನಲ್ಲಿದ್ದಾಗ ಜೋಳದ ಹೊಲದ ಅಟ್ಟದ ಮೇಲೆ ನಿಂತು ಅವಳು ಎಡಗೈಯಿಂದ ಕವಣೆ ಬೀಸಿದಳೆಂದರೆ, ಕಲ್ಲು ತಾಗುವ ಮೊದಲೇ ಗಿಳಿಗಳು ಅಂಜಿ ಉದುರುತ್ತಿದ್ದವು. ಒಮ್ಮೆ ಬೀಸಿದ ಕಲ್ಲು ಸೋಮವಾರ ಹೊರಟದ್ದು, ಸವದತ್ತಿಯ ಸಂತೆ ನೋಡಿಕೊಂಡು ಗುರುವಾರ ಹೊಲಕ್ಕೆ ತಿರುಗಿ ಬಂತೆಂದು ಅವಳ ಅಪ್ಪನೇ ಹೇಳುತ್ತಿದ್ದ. ಅಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಸುಳ್ಳಿಗೆ ಬೇಕಾಗುವಷ್ಟು ವಿಚಾರ ಮಾಡುವುದೇ ಅವನಿಗೆ ಬೇಸರ.

ತಾಯಿಗೆ ಮಾತ್ರ ಚಿಂತೆ. ಮಗಳ ಎಡಗೈಗೆ ಅರಿವೆ ಸುತ್ತಿ ಕಟ್ಟಿಟ್ಟಳು. ಹುಡುಗಿ ಆ ಗಂಟನ್ನು ಹಲ್ಲಿನಿಂದ ಬಿಚ್ಚಿ, ಅದೇ ಅರಿವೆಯನ್ನು ಕವಣೆ ಮಾಡಿಕೊಂಡು ಹೊಲಕ್ಕೆ ಹೋದಳು.

ಹುಡುಗಿಯನ್ನು ಬೈಲಹೊಂಗಲದ ರಾಯಪ್ಪನಿಗೆ ಕೊಟ್ಟರು. ಕಂಬಳಿ ನೇಯುವ ಮನೆ. ಮೊದಲ ದೀಪಾವಳಿಯ ಪಾಡ್ಯಕ್ಕೆ ಬೀಗರು, ಬಿಜ್ಜರು ಎಲ್ಲ ಪಂಕ್ತಿಯಲ್ಲಿ ಕುಳಿತಿದ್ದಾಗ ಹೊಸ ಸೊಸೆ ಎಲ್ಲರ ಎಲೆಗೆ ಉಪ್ಪು ನೀಡುತ್ತ ಬಂದಳು. ಎಡಗೈಯಿಂದ. ಅತ್ತೆ ಬಾಯವ್ವನ ಅಣ್ಣ ಮಲಕಾಜಪ್ಪ ಓಣಿಗೆಲ್ಲ ಹಿರಿಯ. ಅವನು ಕೆಮ್ಮಿದರೆ ಓಣಿಯ ನಾಯಿಗಳು ಸಾಲಾಗಿ ನಿಲ್ಲುತ್ತಿದ್ದವು. ಅವನು ಎಲೆ ಬಿಟ್ಟು ಎದ್ದ. "ಎಡಗೈ ಉಪ್ಪು ಉಣ್ಣೂ ಕಾಲ ಬಂತೇನ ನನಗ?" ಅಂದ. ಬಾಯವ್ವ ನಾಚಿಕೆಯಿಂದ ಕುಗ್ಗಿಹೋಗಿ ಬೀಗರ ಎದುರೇ ಆಣೆ ಮಾಡಿದಳು: "ನಾ ಜೀವಂತ ಇರೂತನಕ ಈ ಮನ್ಯಾಗ ಹಬ್ಬದ ಎಲಿಗೆ ಎಡಗೈ ನೀಡೂದಿಲ್ಲ!"

ಬಲಗೈಯಿಂದ ನೀಡಲು ಬೀರವ್ವ ಪ್ರಯತ್ನಪಟ್ಟಳು. ಅವಳ ಬಲಗೈ ಸರಕಾರಿ ನೌಕರನಿದ್ದ ಹಾಗೆ. ಸಂಗಡ ಬರುತ್ತಿತ್ತು, ಕೆಲಸ ಮಾಡುತ್ತಿರಲಿಲ್ಲ. ಒಮ್ಮೆ ತುಪ್ಪ ಹೋಳಿಗೆಯ ಮೇಲೆ ಬೀಳುವ ಬದಲು ಬೀಗರೊಬ್ಬರ ಕಿವಿಯೊಳಗೆ ಬಿತ್ತು. ಆಮೇಲೆ ಆ ಕಿವಿಯಲ್ಲಿ ಯಾರ ಮಾತೂ ನಿಲ್ಲದೆ ಜಾರಿಹೋಗುತ್ತಿತ್ತಂತೆ. ಅಲ್ಲಿಗೆ ಪ್ರಯತ್ನ ಮುಗಿಯಿತು.

ಹನ್ನೆರಡು ವರ್ಷ ಹೀಗೇ ನಡೆಯಿತು. ಆಕಳು ಹಿಂಡಿದ್ದು ಎಡಗೈ, ಉಣ್ಣೆ ನೂತದ್ದು ಎಡಗೈ, ರೊಟ್ಟಿ ಬಡಿದದ್ದು ಎಡಗೈ, ಹೋಳಿಗೆ ಲಟ್ಟಿಸಿದ್ದೂ ಎಡಗೈ. ಅಷ್ಟರವರೆಗೆ ಅದಕ್ಕೆ ಮೈಲಿಗೆಯಿರಲಿಲ್ಲ. ಒಳಮನೆಯಿಂದ ಪಡಸಾಲೆಗೆ ದಾಟುವ ಹೊಸ್ತಿಲಿನ ಹತ್ತಿರ ಮಾತ್ರ ಅದು ಕೆಡುತ್ತಿತ್ತು. ಹಬ್ಬದ ದಿನ ಬೀರವ್ವ ಹಿತ್ತಿಲಲ್ಲಿ ಸಗಣಿಯ ಕುಳ್ಳು ತಟ್ಟುತ್ತ ಕೂರುತ್ತಿದ್ದಳು. ಪಂಕ್ತಿಗೆ ನೀಡಲು ಬಾಯವ್ವ ಒಬ್ಬಳೇ ಬಗ್ಗಿ ಏಳುತ್ತಿದ್ದಳು. ಅವಳ ಮೊಣಕಾಲಿನ ಸಪ್ಪಳ ಕಿತ್ತೂರಿನವರೆಗೆ ಕೇಳಿ, ಅಲ್ಲಿಯವರು "ಬೈಲಹೊಂಗಲದಾಗ ಊಟಕ್ಕ ಕುಂತ್ರು ನೋಡು" ಎಂದು ತಾವೂ ಎಲೆ ಹಾಕುತ್ತಿದ್ದರು. ಬೀರವ್ವನ ಆಸೆ ದೊಡ್ಡದೇನಲ್ಲ. ಹಬ್ಬದ ದಿನ ತನ್ನ ಮನೆಯ ಎಲೆಗೆ ತನ್ನ ಕೈಯಿಂದ ಒಂದು ಹೋಳಿಗೆ ನೀಡಬೇಕು, ಅಷ್ಟೇ.

ಇಪ್ಪತ್ತಾರನೆಯ ಇಸವಿಯ ದೀಪಾವಳಿಗೆ ಬೈಲಹೊಂಗಲಕ್ಕೆ ಸಿನೇಮಾದ ಡೇರೆ ಬಂತು. ಆಗಿನದು ಮಾತಿಲ್ಲದ ಸಿನೇಮಾ. ಬಾಯಿ ಆಡಿಸುವವರು ಪರದೆಯ ಮೇಲೆ, ಮಾತಾಡುವವರೆಲ್ಲ ಕೆಳಗೆ. ಡೇರೆಯ ಮಾಲಕನಿಗೆ ಜನರ ನಾಡಿ ಗೊತ್ತಿತ್ತು. ಸಂಕ್ರಮಣಕ್ಕೆ ದೇವರ ಆಟ ನಡೆದೀತು, ಯುಗಾದಿಗೆ ಅಳುವ ಆಟವೂ ನಡೆದೀತು; ದೀಪಾವಳಿಗೆ ಮಾತ್ರ ದೆವ್ವ ಮತ್ತು ಬಡಿದಾಟ ಎರಡೂ ಕೂಡಿದ್ದೇ ಆಗಬೇಕು. ಹೋಳಿಗೆ ಅರಗಬೇಕಾದರೆ ಎದೆ ಹೊಡೆದುಕೊಳ್ಳಬೇಕೆಂಬುದು ಆ ಸೀಮೆಯ ವೈದ್ಯಶಾಸ್ತ್ರ.

ಆಟದ ಕೀರ್ತಿ ಡೇರೆಗಿಂತ ಮುಂಚೆ ಬಂದಿತ್ತು. ಸವದತ್ತಿಯಲ್ಲಿ ದೆವ್ವ ನಾಲಿಗೆ ಚಾಚಿದೊಡನೆ ಮೂವರು ಡೇರೆಯ ಕಂಬ ಏರಿದರು. ಮರುದಿನ ಚಹಾ ತೋರಿಸಿ ಇಳಿಸಬೇಕಾಯಿತು. ರಾಮದುರ್ಗದಲ್ಲಿ ಒಬ್ಬನ ಮೀಸೆ ಅಂಜಿಕೆಯಿಂದ ಬೆಳ್ಳಗಾಗಿ, ಬಡಿದಾಟ ಸುರುವಾದೊಡನೆ ಹುರುಪಿನಿಂದ ತಿರುಗಿ ಕಪ್ಪಾಯಿತು. ಕಿತ್ತೂರಿನವರು ಮಾತ್ರ ಕತ್ತಿವರಸೆ ನೋಡಿ, "ಇದೇನ ಯುದ್ಧ? ಜೋಳದ ಕಣಿಕಿ ಕೊಯ್ಯಾಕ ಹತ್ಯಾನ" ಎಂದು ನಕ್ಕರಂತೆ. ನಕ್ಕರೂ ನಾಲ್ಕು ಸಲ ನೋಡಿದರು.

ಡೇರೆಯ ನಟ್ಟನಡುವೆ ಬಿಳಿಯ ಪರದೆ. ಅದಕ್ಕೆ ಆಗಾಗ ನೀರು ಚಿಮುಕಿಸಿ ತೋಯಿಸುತ್ತಿದ್ದರು. ತೊಯ್ದ ಬಟ್ಟೆಯಲ್ಲಿ ಚಿತ್ರ ಎರಡೂ ಬದಿಗೆ ಕಾಣುತ್ತಿತ್ತು. ಮುಂದೆ ಗಂಡಸರು, ಹಿಂದೆ ಹೆಂಗಸರು. ನಡುನಡುವೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರ ಬರುತ್ತಿದ್ದವು. ಧಾರವಾಡದ ಕಚೇರಿಯಲ್ಲಿ ಪಟ್ಟೇವಾಲ, ಅಂದರೆ ಜವಾನನಾಗಿದ್ದ ನೀಲಪ್ಪ ಎಲ್ಲರಿಗಿಂತ ಮುಂದೆ ಕುಳಿತು ಅದನ್ನು ಓದಿ ಹೇಳುತ್ತಿದ್ದ: "'ಎಲವೋ ದುಷ್ಟ, ನಿಂದ್ರು!' ಅಂತ ಬರದಾರ ನೋಡ್ರಿ."

ದೀಪಾವಳಿಯ ಮೊದಲ ದಿನ, ನೀರು ತುಂಬುವ ಹಬ್ಬದಂದು, ದೀಪ ಹಚ್ಚುವ ಹೊತ್ತಿಗೆ ಮೊದಲ ಆಟ. ಬೀರವ್ವ ಅತ್ತೆಯ ಮಗ್ಗುಲಲ್ಲಿ ಪರದೆಯ ಹಿಂದೆ ಕುಳಿತಳು. ಹಾಳುಕೋಟೆ, ಉರುಳುವ ಬುರುಡೆ, ಊರ ಮಕ್ಕಳನ್ನು ಹಿಡಿದು ಒಯ್ಯುವ ದೆವ್ವ. ಹೆಂಗಸರು ಚೀರಿದ ರಭಸಕ್ಕೆ ಡೇರೆ ಎರಡು ಮೊಳ ಮೇಲಕ್ಕೆದ್ದು ಇಳಿಯಿತು. ಅಷ್ಟರಲ್ಲಿ ಕುದುರೆಯ ಮೇಲೆ ವೀರ ಬಂದ. ಕತ್ತಿ ಹಿರಿದ.

ಎಡಗೈಯಿಂದ.

ಬೀರವ್ವ ಚೀರುವುದನ್ನು ಮರೆತಳು. ಆ ಮನುಷ್ಯ ಹದಿನೇಳು ಮಂದಿ ಕಳ್ಳರನ್ನು ಎಡಗೈಯಿಂದ ಕೆಡವಿದ. ದೆವ್ವದ ರುಂಡವನ್ನು ಎಡಗೈಯಿಂದ ಹಾರಿಸಿದ. ಕೊನೆಗೆ ಆಕಾಶದಲ್ಲಿ ದೇವರು ಪ್ರತ್ಯಕ್ಷನಾಗಿ ಕೈಯೆತ್ತಿ ಹರಸಿದ. ಆ ಕೈಯೂ ಎಡಗೈಯೇ. ಪಕ್ಕಕ್ಕೆ ನೋಡಿದರೆ ಬಾಯವ್ವ ಕಣ್ಣುಮುಚ್ಚಿ ಆ ಎಡಗೈಗೆ ಕೈಮುಗಿದು ಕುಳಿತಿದ್ದಳು.

ಮರುದಿನ ಗಂಡನಿಗೆ ಎಣ್ಣೆ ನೀರು ಹಾಕುತ್ತ ಬೀರವ್ವ ಅಂದಳು, "ಏನ್ರೀ, ಆ ವೀರ ನನ್ನಂಗ ಎಡಚ ಅದಾನ, ನೋಡಿದ್ರಿಲ್ಲೋ?"

"ಯಾಂವ ಎಡಚ? ಬಲಗೈಲೆ ಹೊಡದಾನ," ಅಂದ ರಾಯಪ್ಪ.

"ಕಣ್ಣಾಗ ಸೀಗಿಪುಡಿ ಬಿದ್ದೈತಿ ನಿಮಗ."

"ನಿನಗ ದೆವ್ವ ನೋಡಿ ತಲಿ ಕೆಟ್ಟೈತಿ."

ಇದೇ ಜಗಳ ಓಣಿಯ ಪ್ರತಿ ಬಚ್ಚಲಲ್ಲೂ ನಡೆದಿತ್ತು. ಮಧ್ಯಾಹ್ನದ ಹೊತ್ತಿಗೆ ಊರು ಎರಡು ಪಂಗಡವಾಯಿತು. ಎಡಗೈ ಎಂದು ಒಪ್ಪದ ಗಂಡಂದಿರಿಗೆ ಹೆಂಡಂದಿರು ತಂಗಳ ರೊಟ್ಟಿ ಹಾಕಿದರು. ಬಲಗೈ ಎಂದು ಒಪ್ಪದ ಹೆಂಡಂದಿರ ಕೈಯ ನೀರನ್ನೂ ಗಂಡಂದಿರು ಮುಟ್ಟಲಿಲ್ಲ. ಹಬ್ಬದ ದಿನ ಹಿಂಗಾದರೆ ಹೇಗೆಂದು ಮಲಕಾಜಪ್ಪ ಕೆಮ್ಮಿದ, ನಾಯಿಗಳು ಸಾಲಾಗಿ ನಿಂತವು.

"ಹೆಂಗಸರ ಕಣ್ಣಿಗೆ ದೋಷ ಐತಿ," ಅಂದ ಅವನು. "ಇವತ್ತ ಅವರು ಮುಂದ ಕುಂಡ್ರಲಿ, ನೆಟ್ಟಗ ನೋಡಲಿ. ನಾವು ಹಿಂದ ಕುಂಡ್ರೋಣು. ನಮ್ಮ ಕಣ್ಣ ಹಿಂದಿಂದಾದರೂ ಸತ್ಯಾನ ಕಾಣತಾವ."

ಡೇರೆಯ ಮಾಲಕ, "ಹೌದ್ರೀ ಸಾಹೇಬ್ರ, ಬರೋಬ್ಬರಿ ಮಾತು," ಅಂದ. ಸತ್ಯ ಅವನಿಗೆ ಗೊತ್ತಿತ್ತು. ಆದರೆ ಡೇರೆ ತುಂಬುತ್ತಿರುವಾಗ ಸತ್ಯ ಹೇಳುವ ಚಟ ಅವನಿಗಿರಲಿಲ್ಲ.

ಆ ಸಂಜೆ ಗಂಡಸರು ಹಿಂದೆ, ಹೆಂಗಸರು ಮುಂದೆ. ಪರದೆಯ ಹಿಂಬದಿಯಲ್ಲಿ ಇಂಗ್ಲಿಷ್ ಅಕ್ಷರಗಳು ಬೆನ್ನು ತಿರುಗಿಸಿ ಬಂದವು. ನೀಲಪ್ಪನಿಗೆ ಎಳ್ಳಷ್ಟೂ ತೊಂದರೆಯಾಗಲಿಲ್ಲ. ನೆಟ್ಟಗಿದ್ದಾಗ ಹೇಗೆ ಓದಿದ್ದನೋ ಹಾಗೆಯೇ ಓದಿದ: "'ಎಲವೋ ದುಷ್ಟ, ನಿಂದ್ರು!'"

ವೀರ ಬಂದ, ಕತ್ತಿ ಹಿರಿದ. ಈ ಸಲ ಬಲಗೈ. ಮುಂದೆ ಕುಳಿತ ಬೀರವ್ವ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಒಂದೇ ದಿನದ ಸಂಬಂಧಿ, ಅವನೂ ಕೈಬಿಟ್ಟ. ಆದರೆ ನೇಯುವ ಮನೆಯ ಕಣ್ಣು ಸುಮ್ಮನಿರುವುದಿಲ್ಲ. ನಿನ್ನೆ ಕುದುರೆ ಈ ಬದಿಯಿಂದ ಬಂದಿತ್ತು, ಇವತ್ತು ಆ ಬದಿಯಿಂದ. ಕೋಟೆಯ ಬಾಗಿಲು ಕೂಡ ಸರಿದು ನಿಂತಿತ್ತು. ಕೋಟೆಯನ್ನು ಒಂದೇ ದಿನದಲ್ಲಿ ಯಾವ ಗೌಂಡಿ ಸರಿಸಿಯಾನು? ಅವಳಿಗೆ ತನ್ನ ಮನೆಯ ಕಂಬಳಿ ನೆನಪಾಯಿತು. ಒಂದೇ ಅಂಚಿಗೆ ಬಿಳಿಪಟ್ಟಿ ಇಟ್ಟು ನೇಯುತ್ತಾರೆ. ಮಗುಚಿ ಹಾಸಿದರೆ ಪಟ್ಟಿ ಆ ಕಡೆಗೆ ಹೋಗುತ್ತದೆ. ಕಂಬಳಿ ಬೇರೆಯಾಗುವುದಿಲ್ಲ, ನೋಡುವ ಬದಿ ಬೇರೆ. ಗಂಡಸರು ಮುಂದಿನಿಂದ ಕಂಡದ್ದೇ ಖರೆ. ವೀರ ಬಲಚ.

ಅವಳು ತುಟಿ ಬಿಗಿದು ಮನೆಗೆ ಬಂದಳು.

ಅಮಾವಾಸ್ಯೆಯ ಬೆಳಿಗ್ಗೆ ಬೀರಪ್ಪನ ಗುಡಿಯ ಕಟ್ಟೆಗೆ ಊರೆಲ್ಲ ಸೇರಿತು. ನಿನ್ನೆ ಬಲಗೈಗೆ ಪ್ರಾಣ ಕೊಡಲು ಸಿದ್ಧರಿದ್ದ ಗಂಡಸರು ಈಗ ಎಡಗೈ ಅನ್ನುತ್ತಿದ್ದರು. ಎಡಗೈ ಅಂದಿದ್ದ ಹೆಂಗಸರು ಬಲಗೈ ಅನ್ನುತ್ತಿದ್ದರು. ಎರಡೂ ಪಂಗಡದವರು ಸೋತಿದ್ದರು, ಜಗಳ ಮಾತ್ರ ಇದ್ದಲ್ಲೇ ಇತ್ತು. ಮಲಕಾಜಪ್ಪ ಗಳಿಗೆಹೊತ್ತು ಮೀಸೆ ತಿರುವಿದ. ತಾನು ಎರಡು ದಿನ ಎರಡು ಮಾತು ಆಡಿದ್ದು ಊರಿಗೆ ಗೊತ್ತಾಗದಂತೆ ತೀರ್ಪು ಕೊಡುವುದು ಹಿರಿಯರ ದೊಡ್ಡ ವಿದ್ಯೆ.

"ಅರ್ಜುನ ಎರಡೂ ಕೈಲೆ ಬಾಣ ಬಿಡತಿದ್ದ, ಹೌದಿಲ್ಲೋ? ಇಂವನೂ ಹಂಗ ಅದಾನ. ಇಂಥಾ ವೀರರಿಗೆ ಎಡಗೈ ಅನ್ನೂದ ಇಲ್ಲ, ಎರಡೂ ಬಲಗೈನ. ಇದ ನಮ್ಮ ನಿಕಾಲಿ. ಇನ್ನ ಯಾರರೆ ಎಡಗೈ ಅಂತ ಬಾಯಿ ಬಿಟ್ರ ಬೀರಪ್ಪನ ದೀಪಕ್ಕ ಒಂದ ವರ್ಷದ ಎಣ್ಣಿ ಹಾಕಬೇಕು."

ಎಲ್ಲರೂ ಹೌದೆಂದರು. ಎಣ್ಣೆಯ ಮಾತು ಬಂದಮೇಲೆ ಸತ್ಯದ ಗೊಡವೆ ಯಾರಿಗೆ ಬೇಕು?

ಮಧ್ಯಾಹ್ನ ಅತ್ತೆ, ಸೊಸೆ ಹೂರಣ ರುಬ್ಬಲು ಕುಳಿತರು. ಬಾಯವ್ವ ಒಳಕಲ್ಲಿನ ಆಚೆ ಬದಿಯಿಂದ, ತಲೆಯೆತ್ತದೆ, "ನಾಳೆ ಪಂಕ್ತಿಗೆ ನೀನ ನೀಡು," ಅಂದಳು. "ನಿನಗ ಹೆಂಗ ಬರತೈತಿ ಹಂಗ. ದೇವರ ಆ ಕೈಲೆ ಹರಸಿದ ಮ್ಯಾಲ ನಂದೇನೈತಿ?"

ಬೀರವ್ವನ ಕೈ ನಿಂತಿತು. ಹನ್ನೆರಡು ವರ್ಷ ಕಾದ ಮಾತು. ಸುಮ್ಮನೆ "ಹೂಂ ಅತ್ತಿ" ಅಂದಿದ್ದರೆ ಮುಗಿದೇಹೋಗುತ್ತಿತ್ತು. ನಾಲಿಗೆಯ ತುದಿಗೆ ಬಂದ ಹೂಂ ಅನ್ನು ನುಂಗಿಕೊಂಡಳು. ಬೆಪ್ಪುತನವೋ ನೇಮವೋ, ಮಗುಚಿದ ಕಂಬಳಿಯನ್ನು ನೆಟ್ಟಗಿನದೆಂದು ಮಾರುವುದು ಅವಳಿಗೆ ಬಾರದು.

"ಅತ್ತಿ, ಆ ದೇವರು ಎಡಗೈಲೆ ಹರಸಿಲ್ರಿ. ನಾವು ಹಿಂದ ಕುಂತಿದ್ವಿ, ಅದಕ್ಕ ಹಂಗ ಕಂಡತು. ಕಂಬಳಿ ಮಗುಚಿ ಹಾಸಿದಂಗ ಅದು. ಖರೆ ಅಂದ್ರ ಬಲಗೈನ. ನೀವು ಆಣಿ ಮುರಿಯೂದಾದ್ರ ತಿಳದು ಮುರೀರಿ."

ಬಾಯವ್ವ ರುಬ್ಬುಗುಂಡು ನಿಲ್ಲಿಸಿದಳು. ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು.

"ನಲವತ್ತ ವರ್ಷ ಕಂಬಳಿ ನೇದೀನಿ ನಾ. ನಿನಗ ಎರಡನೇ ದಿನ ತಿಳೀತು, ನನಗ ಮೊದಲನೇ ದಿನ ಆ ವೀರ ಕುದರಿ ಮ್ಯಾಲ ಬಲಬದಿಯಿಂದ ಹತ್ತಿದಾಗ ತಿಳೀತು. ಯಾಂವರೆ ಕುದರಿ ಬಲಕ್ಕಿಂದ ಹತ್ತತಾನೇನ?"

"ಮತ್ತ ಕೈ ಯಾಕ ಮುಗದ್ರಿ?"

"ನನ್ನ ಮೊಣಕಾಲಿಗೆ ಮುಗದೆ! ಎಂಟ ವರ್ಷಾತು, ಬಗ್ಗಿ ಏಳೂದ್ರಾಗ ನನ್ನ ಜೀವಾ ಹೋಗಿ ಬರತೈತಿ. ಆಣಿ ಮಾಡಿದ್ದು ಬೀಗರ ಮುಂದ. 'ಕಾಲ ನೋಯತಾವ, ಆಣಿ ಬಿಡತೇನಿ' ಅಂದ್ರ ನಮ್ಮಣ್ಣ ಸುಮ್ಮನ ಬಿಟ್ಟಾನೇನ? ಅದಕ್ಕೊಬ್ಬ ದೇವರ ಬೇಕಾಗಿದ್ದ, ಸಿಕ್ಕ. ಈಗ ಅಣ್ಣನ ನಿಕಾಲಿನೂ ಸಿಕ್ತು. ನೀ ಒಬ್ಬಾಕಿ ಖರೆ ಹೇಳಾಕ ಕುಂತೀದಿ! ರುಬ್ಬು, ಹೂರಣ ಆರತೈತಿ."

ಬೀರವ್ವ ರುಬ್ಬಿದಳು. ಅವಳಿಗೆ ನಗಬೇಕೋ, ಎಂಟು ವರ್ಷದ ಕುಳ್ಳುಗಳನ್ನೆಲ್ಲ ಎಣಿಸಿ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು, ಹೂರಣಕ್ಕೆ ಉಪ್ಪು ಸ್ವಲ್ಪ ಹೆಚ್ಚೇ ಆಯಿತು.

ಪಾಡ್ಯದ ದಿನ ಪಡಸಾಲೆಯಲ್ಲಿ ಪಂಕ್ತಿ ಕುಳಿತಿತು. ಮೊದಲ ಎಲೆ ಮಲಕಾಜಪ್ಪನದು. ಬೀರವ್ವ ಹೋಳಿಗೆಯ ಬುಟ್ಟಿಯನ್ನು ಬಲಗೈಯಲ್ಲಿ ಆನಿಸಿಕೊಂಡು ಹೊಸ್ತಿಲು ದಾಟಿದಳು. ಪಂಕ್ತಿಯಲ್ಲಿದ್ದ ರಾಯಪ್ಪ ಉಸಿರು ಹಿಡಿದದ್ದು ನೋಡಿ, ಗೋಡೆಯ ಗೂಟಕ್ಕಿದ್ದ ಕಂಬಳಿ ಕೂಡ ಅಲುಗಾಡಲಿಲ್ಲ. ಅವಳು ಎಡಗೈಯಿಂದ ಹೋಳಿಗೆ ಎತ್ತಿ ಮೊದಲ ಎಲೆಯ ಕಡೆಗೆ ಚಾಚಿದಳು.

ಮಲಕಾಜಪ್ಪ ಹಾವು ಕಂಡವನಂತೆ ಹಿಂದಕ್ಕೆ ಸರಿದ. "ಏ... ಎಡ..."

ಒಳಬಾಗಿಲಿನಿಂದ ಬಾಯವ್ವ ಕೇಳಿದಳು, "ಏನಂದಿ ಅಣ್ಣಾ? ಪೂರಾ ಅನ್ನು. ಊರ ಮಂದಿ ಕೇಳಲಿ. ಎಣ್ಣಿ ಗಡಿಗಿ ತರಸಲೇನ?"

ಮಲಕಾಜಪ್ಪ ಎಲೆಯತ್ತ ನೋಡಿದ. ಒಂದು ಕಡೆ ಹಿರಿತನ, ಒಂದು ಕಡೆ ವರ್ಷದ ಎಣ್ಣೆ, ನಡುವೆ ಹೋಳಿಗೆಯ ವಾಸನೆ. ವಾಸನೆ ಎರಡು ದಿನದ ಬಡಿದಾಟದಲ್ಲಿ ವೀರನಿಗಿಂತ ಹೆಚ್ಚು ಶೂರತನ ತೋರಿಸಿತು.

"ಎಡಕ್ಕ," ಅಂದ ಅವನು, ಉಗುಳು ನುಂಗಿ. "ಎಡಕ್ಕ ಹಾಕವ್ವಾ ಅಂದೆ. ಬಲಕ್ಕ ಪಲ್ಲೆ ಐತಿ."

ಹೋಳಿಗೆ ಎಡಕ್ಕೆ ಬಿತ್ತು. ತುಪ್ಪ ಹೋಳಿಗೆಯ ನಟ್ಟನಡುವೆ ಬಿತ್ತು, ಯಾರ ಕಿವಿಗೂ ಹೋಗಲಿಲ್ಲ. ಮಲಕಾಜಪ್ಪ ಹನ್ನೊಂದು ತಿಂದ. ಹನ್ನೆರಡನೆಯದಕ್ಕೆ, "ಕೈ ನೀಟ ಐತಿ ಹುಡುಗೀದು," ಎಂದು ತನ್ನಷ್ಟಕ್ಕೆ ಗೊಣಗಿದ್ದನ್ನು ಪಕ್ಕದಲ್ಲಿದ್ದ ನೀಲಪ್ಪ ಕೇಳಿಸಿಕೊಂಡು, ಇಂಗ್ಲಿಷಿನಲ್ಲಿಯೂ ಹಾಗೇ ಬರೆದಿರುತ್ತಾರೆಂದ.

ಗಂಡಸರು ಎದ್ದ ಮೇಲೆ ಹೆಂಗಸರ ಪಂಕ್ತಿ. ಬಾಯವ್ವ ಗೋಡೆ ಹಿಡಿದು, ಒಂದೊಂದೇ ಮೊಣಕಾಲು ಮಡಚಿ, ಹನ್ನೆರಡು ವರ್ಷದಲ್ಲಿ ಮೊದಲ ಸಲ ಎಲ್ಲರ ಸಾಲಿನಲ್ಲಿ ಕುಳಿತಳು. ಬೀರವ್ವ ಅವಳ ಎಲೆಯ ಮುಂದೆ ತುಪ್ಪದ ಗಿಂಡಿ ಬಗ್ಗಿಸಿದಳು. ಧಾರೆ ನಿಲ್ಲಲೇ ಇಲ್ಲ.

"ನಿನ್ನ ಕೈಯಾಗ ತುಪ್ಪ ಭಾಳ ಬೀಳತೈತಲ್ಲ," ಅಂದಳು ಬಾಯವ್ವ. "ಮನಿ ತೊಳದು ಹೋಗತೈತಿ ಹಿಂಗಾದ್ರ."

"ಸಾಕ್ರೇನ ಅತ್ತಿ?"

ಬಾಯವ್ವ ಎಲೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ಸಾಕ ಅಂದೆನೇನ ನಾ? ಬಿಡು, ಇನ್ನೊಂದ ಚೂರ ಬಿಡು."