ಬೆರೆತುಹೋದ ಮಡಕೆಚೂರು

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಮೂಡಿಗೆರೆ ಕಡೆಯ ಗುಡ್ಡದ ಮೇಲೆ ಹಳೇ ಕೋಟೆ ಅಗೆಯುವ ಕೆಲಸಕ್ಕೆ ನಾವು ಅತ್ತೆ-ಸೊಸೆ ಇಬ್ಬರೂ ಸೇರಿದೆವು. ಅತ್ತೆಗೆ ಸೊಂಟನೋವು. ಕಾಫಿ ಕುಯ್ಲಿನಲ್ಲಿ ಹಿಂದೆ ಬೀಳುತ್ತಾರೆಂದು ಎಸ್ಟೇಟಿನ ಮೇಸ್ತ್ರಿ ಇನ್ನು ಬರಬೇಡಿ ಅಂದಿದ್ದ. ಕೋಟೆಯಲ್ಲಿ ಕೂತು ಮಾಡುವ ಕೆಲಸವಿತ್ತು, ಗುಂಡಿಯಿಂದ ಬಂದ ಮಡಕೆಚೂರಿನ ಮಣ್ಣನ್ನು ಬ್ರಷ್ಷಿನಿಂದ ತೆಗೆಯುವುದು. ಅದೂ ತಪ್ಪಿದರೆ ಅವರು ಮನೆಯಲ್ಲೇ ಕೂರಬೇಕಿತ್ತು.

ಒಂದೊಂದು ಆಳದ ಚೂರಿಗೂ ಬೇರೆ ಬೇರೆ ಚೀಲ ಅಂದಿದ್ದರು, ಅಗೆತ ಮಾಡಿಸುತ್ತಿದ್ದ ಪುರಾತತ್ವ ಇಲಾಖೆಯ ಸಾಹೇಬರು. ಯಾಕೆಂದು ನಾನು ಕೇಳಲಿಲ್ಲ. ಕಾಫಿಬೀಜ ಆರಿಸಿ ಪಳಗಿದ ಕೈ ನನ್ನದು, ಸುಮ್ಮನಿರುತ್ತದೆಯೇ? ಒಂದು ಮಧ್ಯಾಹ್ನ ಅತ್ತೆ ನೀರು ಕುಡಿಯಲು ಹೋದಾಗ ಮೂರು ಚೀಲವನ್ನೂ ನಾವು ಕೂರುವ ಗೋಣಿತಾಟಿನ ಮೇಲೆ ಸುರಿದೆ. ಕೆಂಪು ಒಂದು ಕಡೆ, ಕಪ್ಪು ಒಂದು ಕಡೆ, ಪುಡಿ ಒಂದು ಕಡೆ ಆರಿಸಿಟ್ಟು, ಶಭಾಷ್ ಅನ್ನುತ್ತಾರೆಂದು ಕಾದೆ.

ಸಾಹೇಬರು ನೋಡಿದವರೇ ತಲೆ ಮೇಲೆ ಕೈಹೊತ್ತು ಕೂತರು. ಎಷ್ಟು ಆಳದ್ದೆಂದು ತಿಳಿಯದಿದ್ದರೆ ಚೂರು ಯಾವ ಕಾಲದ್ದೆಂದೂ ತಿಳಿಯದಂತೆ.

“ಯಾರು ಮಾಡಿದ್ದು? ಅವರು ನಾಳೆಯಿಂದ ಬರೋದು ಬೇಡ,” ಅಂದರು.

ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ, “ನಾನೇ ಸಾರ್. ಸಂಜೆವರೆಗೆ ಬಿಡಿ, ಸರಿ ಮಾಡ್ತೀನಿ,” ಅಂದುಬಿಟ್ಟರು.

ಚೂರುಗಳಿಗೆ ಮಣ್ಣು ಇನ್ನೂ ಅಂಟಿತ್ತು. ಗುಂಡಿಯ ಮೇಲಿನ ಪದರದ್ದು ಕಪ್ಪುಮಣ್ಣು, ನಡುವಿನದು ಕೆಮ್ಮಣ್ಣು, ಅಡಿಯದು ಬೂದಿಮಣ್ಣು. ಕಾಫಿಗುಂಡಿ ತೆಗೆದು ತೆಗೆದು ಅತ್ತೆಯ ಬೆರಳಿಗೆ ಮಣ್ಣಿನ ಗುರುತು ಚೆನ್ನಾಗಿತ್ತು. ಒಂದೊಂದನ್ನೇ ಉಜ್ಜಿ, ಮೂಸಿ, ಚೀಲಕ್ಕೆ ಹಾಕಿದರು. ಕೊನೆಗೆ ಒಂದು ಹಿಡಿ ಉಳಿಯಿತು. ಯಾವುದಕ್ಕಾದರೂ ತುಂಬಿಬಿಡಿ ಎಂದು ಪಿಸುಗುಟ್ಟಿದೆ. ನನ್ನನ್ನು ದುರುಗುಟ್ಟಿ ನೋಡಿ, ಆ ಹಿಡಿಯನ್ನು ಸಾಹೇಬರ ಮುಂದೆ ಹಿಡಿದರು.

“ಇಷ್ಟು ಮಾತ್ರ ಗೊತ್ತಾಗ್ಲಿಲ್ಲ ಸಾರ್.”

ಸಾಹೇಬರು ಚೀಲಗಳನ್ನು ನೋಡಿ, ಆ ಹಿಡಿಯನ್ನು ಬೇರೆ ಇಟ್ಟು, “ನಾಳೆ ಬನ್ನಿ,” ಅಂದರು.

ವಾಪಸು ಬರುವ ಜೀಪಿನಲ್ಲಿ ನನಗೆ ಅಳು. ನನ್ನ ತಪ್ಪನ್ನು ಯಾಕೆ ಹೊತ್ತಿರಿ ಎಂದು ಕೇಳಿದೆ.

“ನೀ ಬಾಯಿ ತೆಗೆದಿದ್ರೆ ಜಗಳಾಗಿ ಇಬ್ರನ್ನೂ ಕಳಿಸ್ತಿದ್ರು ಮಾರಾಯ್ತಿ,” ಅಂದರು ಅತ್ತೆ. ಅದೂ ನಿಜವೇ. ಆವರೆಗೆ ದಿನಕ್ಕೊಮ್ಮೆಯಾದರೂ ಅವರ ಜೊತೆ ಜಗಳ ಆಡಿದವಳು ನಾನು. ಅಂದು ಅವರ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು.

ಬೆಳಿಗ್ಗೆ ಅತ್ತೆಗೆ ತಿಳಿಯದಂತೆ ಸಾಹೇಬರ ಬಳಿ ಹೋಗಿ ನಿಜ ಹೇಳಿದೆ. ಕೆಲಸ ಹೋದರೆ ನನ್ನದೇ ಹೋಗಲಿ ಎಂದೆ.

“ಗೊತ್ತಿತ್ತು,” ಅಂದರು ಅವರು. “ಚೀಲ ಬೇರೆ ಬೇರೆ ಯಾಕೆ ಅಂತ ನಿಮ್ಮತ್ತೆ ಬಂದ ದಿನವೇ ಕೇಳಿ ತಿಳ್ಕೊಂಡಿದ್ರು. ಹೋಗಿ, ಅವ್ರ ಪಕ್ಕ ಕೂತ್ಕೊಂಡು ಕಲೀರಿ.”

ಹೋಗಿ ಕೂತೆ. ಅತ್ತೆ ತಾಟಿನ ಮೇಲೆ ಸ್ವಲ್ಪ ಸರಿದು ಜಾಗ ಕೊಟ್ಟರು.