ಹಳೆಯ ಶೀಟು ಹಿಡಿದು ಕರೆಯಲು ಹೋದಾಗ

ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡೇ ಕುಂಕುಮ ಹಚ್ಚಲು ಚಾಚಿದ ನನ್ನ ಇನ್ನೊಂದು ಕೈಯನ್ನು ಕಾಕು ಮೆಲ್ಲಗೆ ಹಿಡಿದು ತಡೆದರು.

“ಬ್ಯಾಡವ್ವಾ. ನಿಮ್ಮ ಕಾಕಾ ಹೋಗಿ ಇನ್ನೂ ತಿಂಗಳಾಗಿಲ್ಲ.”

ಅಷ್ಟರಲ್ಲಿ ನಾನು “ಕಾಕಾರು ಹೊಲಕ್ಕ ಹೋಗ್ಯಾರೇನ್ರಿ? ಮದಿವಿಗಿ ಇಬ್ಬರೂ ಬರಬೇಕ್ರಿ” ಎಂದು ನಗುನಗುತ್ತಾ ಹೇಳಿಯಾಗಿತ್ತು.

ನಾನು ಈ ಮನೆತನಕ್ಕೆ ಹೊಸ ಸೊಸೆ. ಕಾಕು ನನ್ನ ಗಂಡನ ಕಡೆಯ ದೂರದ ಸಂಬಂಧಿ. ಅವರನ್ನು ನೋಡಿದ್ದು ಅದೇ ಮೊದಲು. ಮೈದುನನ ಮದುವೆಗೆ ಕರೆಯಬೇಕಾದ ಮನೆಗಳನ್ನೆಲ್ಲ ಇಬ್ಬರ ಮೊಬೈಲಿನಲ್ಲೂ ತೆರೆಯುವ ಒಂದೇ ಶೀಟಿನಲ್ಲಿ ಹಾಕಿ ನಾನೂ ನನ್ನ ಭಾವನ ಹೆಂಡತಿ ನೆಗೆಣ್ಣಿಯೂ ಹಂಚಿಕೊಂಡಿದ್ದೆವು; ಒಬ್ಬರು ಬರೆದದ್ದು ಇನ್ನೊಬ್ಬರಿಗೂ ಕಾಣುತ್ತಿತ್ತು. ಅವಳು ಮೂಡಲಗಿಗೆ, ನಾನು ಮಸಗುಪ್ಪಿಗೆ. ದಾರಿಯ ಕಬ್ಬಿನ ಹೊಲಗಳ ನಡುವೆ ನೆಟ್‌ವರ್ಕ್ ಹೋಗಿ ಶೀಟಿನ ಮೇಲೆ ‘ಆಫ್‌ಲೈನ್’ ಎಂದು ಬಂದಿತ್ತು. ಹೆಸರು ಕಾಣುತ್ತಿವೆಯಲ್ಲ, ಸಾಕು ಎಂದುಕೊಂಡಿದ್ದೆ.

ಕಾಕು ಕೊಟ್ಟ ಚಹಾ ಕೈಯಲ್ಲಿದ್ದಾಗ ನೆಟ್‌ವರ್ಕ್ ಬಂತು. ಮೂಡಲಗಿಯಲ್ಲಿ ಸುದ್ದಿ ಕೇಳಿದೊಡನೆ ನೆಗೆಣ್ಣಿ ಬರೆದಿದ್ದ ಸಾಲು ಕಾಕು ಹೆಸರಿನ ಮುಂದೆ ಆಗ ಮೂಡಿತು: ‘ಕಾಕಾ ತೀರಿಕೊಂಡಾರಂತ. ಕುಂಕುಮ ಒಯ್ಯಬ್ಯಾಡ, ಮೊದಲ ಮಾತಾಡಿಸು.’ ನನಗೆ ತಲೆ ಎತ್ತಲಾಗಲಿಲ್ಲ.

“ನಿನಗ ಗೊತ್ತಿರಲಿಲ್ಲ, ಬಿಡು. ಚಾ ಆರಾಕತ್ತೈತಿ, ಕುಡಿ” ಎಂದರು ಕಾಕು.

ಮನೆಗೆ ಬಂದು ನೆಟ್‌ವರ್ಕನ್ನು ಬೈಯಬಹುದಿತ್ತು, ಬೈಯಲಿಲ್ಲ. ವಿಭೂತಿ ಮಾತ್ರ ಉಳಿದಿದ್ದ ಕಾಕು ಹಣೆ, ಗೋಡೆಯ ಮೇಲೆ ಹಾರ ಹಾಕಿದ ಕಾಕಾರ ಫೋಟೊ, ಎರಡೂ ನಾನು ಹೊಸ್ತಿಲು ದಾಟಿದಾಗಿನಿಂದ ಕಣ್ಣೆದುರಿಗೇ ಇದ್ದವು. ಆಗ ನಾನು ಮುಂದಿನ ಮನೆ ಯಾವುದೆಂದು ಫೋನ್ ನೋಡುತ್ತಿದ್ದೆ.