ಬಳ್ಳಿಗೊಂದು ಬೆಂಕಿ

ನಾಶಿಕದ ನಮ್ಮ ಕಟ್ಟಡದ ತಾರಸಿ ಎಲ್ಲರದೂ ಹೌದು. ಆದರೆ ಅಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುತ್ತಿದ್ದವರು ಮೇಲಿನ ಮನೆಯ ಬೀದರಿನ ಅಕ್ಕ. ಯಾರೇ ಹೋಗಿ ನಿಂತರೂ ಮೊಣಕೈ ಹಿಡಿದು ಪಕ್ಕಕ್ಕೆ ಸರಿಸುತ್ತಿದ್ದರು.

"ಜರಾ ಸರೀರಿ, ಗಿಡಕ್ಕ ಬಿಸಲು ಬೀಳವಲ್ದು."

ಮರಾಠಿ ನೆರೆಯವರಿಗೂ ಹೀಗೇ, ಕನ್ನಡದಲ್ಲೇ. ಅವರೂ ಸರಿಯುತ್ತಿದ್ದರು.

ಆ ಗಿಡಗಳ ನಡುವೆ ಅಕ್ಕ ತವರಿನಿಂದ ತಂದು ನೆಟ್ಟ ವೀಳ್ಯದೆಲೆ ಬಳ್ಳಿಯಿತ್ತು. ಕಟ್ಟಡದಲ್ಲಿ ಯಾರ ಮನೆಯ ಪೂಜೆಗಾದರೂ ಎಲೆ ಅದರದ್ದೇ. ಒಂದು ವರ್ಷ ಎಂದೂ ಇಲ್ಲದ ಥಂಡಿ ಬಿದ್ದು ಅದರ ಎಲೆಗಳು ಕಪ್ಪಾಗತೊಡಗಿದವು. ಅಕ್ಕ ಗಂಡನ ಶಾಲು ಹೊದಿಸಿ ನೋಡಿದರು, ಸಾಲಲಿಲ್ಲ. ಊರಾಚೆಯ ದ್ರಾಕ್ಷಿ ತೋಟಗಳಲ್ಲಿ ರೈತರು ಮುಂಜಾನೆ ಬೆಂಕಿ ಹಾಕಿ ಬಳ್ಳಿಗಳನ್ನು ಬೆಚ್ಚಗಿಡುವುದನ್ನು ಬಸ್ಸಿನ ಕಿಟಕಿಯಿಂದ ಕಂಡವರೇ, ಮರುದಿನ ಬೆಳಿಗ್ಗೆ ತಾರಸಿಯ ಮೇಲೆ ಬಳ್ಳಿಯ ಪಕ್ಕದಲ್ಲೇ ಹಳೆಯ ಬಾಣಲೆಯೊಂದರಲ್ಲಿ ಸಗಣಿಯ ಕುಳ್ಳು ಹೊತ್ತಿಸಿದರು.

ಹೊಗೆ ಕಂಡು ನಾವೆಲ್ಲ ಬಕೆಟ್ ಹಿಡಿದು ಓಡಿದೆವು. ಎಲ್ಲರಿಗಿಂತ ಮುಂದೆ ಕಟ್ಟಡದ ಮರಾಠಿ ಸೆಕ್ರೆಟರಿ, ಬರಿಗಾಲಲ್ಲಿ.

"ನೀರ ಹಾಕಬ್ಯಾಡ್ರಿ! ಬಳ್ಳಿಗಿ ಥಂಡಿ ಹತ್ಯಾದ!" ಅಕ್ಕ ಎರಡೂ ಕೈ ಚಾಚಿ ಅಡ್ಡ ನಿಂತರು.

ಬೈಯಲು ಬಾಯಿ ತೆರೆದಿದ್ದ ಸೆಕ್ರೆಟರಿ ಶಾಲು ಹೊದ್ದ ಬಳ್ಳಿಯನ್ನು ನೋಡಿದರು. ಬಕೆಟ್ ಕೆಳಗಿಟ್ಟು ಬೆಂಕಿಗೆ ಕೈ ಒಡ್ಡಿದರು. ಗಡಗಡ ನಡುಗುತ್ತಿದ್ದ ನಾವೂ ನಗುತ್ತ ಬಾಣಲೆಯ ಸುತ್ತ ಮುತ್ತಿಕೊಂಡೆವು. ಅಷ್ಟರಲ್ಲಿ ಯಾರೋ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದರು. ಅಕ್ಕನೇ ಇರಬೇಕೆಂದು ತಿರುಗಿದೆ. ಸೆಕ್ರೆಟರಿ!

"ಜರಾ ಸರೀರಿ," ಎಂದರು, ಗದ್ದದಿಂದಲೇ ಬಳ್ಳಿಯತ್ತ ತೋರಿಸಿ.